ಕಿಮೋಥೆರಪಿಯೂ ಕೇಶಪತನವೂ

ಶೀಘ್ರವಾಗಿ ವಿಭಜನೆ ಹೊಂದುವ ಜೀವಕೋಶಗಳನ್ನು ನಾಶಗೊಳಿಸುವುದೇ ಕಿಮೋಥೆರಪಿಯ ಬಹುತೇಕ ಔಷಧಗಳ ಧರ್ಮವಾಗಿರುವುದರಿಂದಲೂ, ಅರ್ಬುದದ ಕೋಶಕ್ಕೂ ಕೂದಲಿನ ಬುಡದಲ್ಲಿ ಅಹೋರಾತ್ರಿ ದುಡಿಯುವ ಸ್ವಸ್ಥ ಕೋಶಕ್ಕೂ ಇರುವ ಭೇದವನ್ನು ಅವು ಚೆನ್ನಾಗಿ ಅರಿಯಲಾರವಾದುದರಿಂದಲೂ, ರೋಗದೊಡನೆ ರೋಗಿಯ ಕೇಶರಾಶಿಯೂ ಬಲಿಯಾಗುವುದು. ತಲೆಗೂದಲಿನ ಶೇ. 85ರಿಂದ 90ರಷ್ಟು ಸದಾ ‘ಅನಾಜೆನ್’ ಎಂಬ ಬೆಳವಣಿಗೆಯ ಅವಸ್ಥೆಯಲ್ಲಿರುವುದೇ ಈ ಹಾನಿಯ ವೈಪುಲ್ಯಕ್ಕೆ ಕಾರಣ. ಚಿಕಿತ್ಸೆ ಮೊದಲಾದ 2-3 ವಾರಗಳಲ್ಲಿ ಉದುರತೊಡಗುವ ಕೂದಲು, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮರಳಿ ಚಿಗುರುವುದು. ಮೊದಲು ನೇರವಾಗಿದ್ದುದು ಆಗ ಗುಂಗುರಾಗಿ ಬರುವ ವಿನೋದವೂ ಉಂಟು. ಔಷಧವನ್ನೇರಿಸುವಾಗ ನೆತ್ತಿಯನ್ನು ಶೀತಲಗೊಳಿಸಿದರೆ ರಕ್ತನಾಳಗಳು ಸಂಕೋಚಗೊಂಡು, ಬುಡಕ್ಕೆ ತಲುಪುವ ವಿಷದ ಪ್ರಮಾಣ ತಗ್ಗುವುದು.

ಕೇಶನಾಶವು ಕಣ್ಣಿಗೆ ಕಾಣುವುದರಿಂದ ಮನಸ್ಸನ್ನು ಹೆಚ್ಚು ನೋಯಿಸುವುದಾದರೂ, ವೈದ್ಯರು ಅಂಜುವುದು ಅಸ್ಥಿಮಜ್ಜೆಯ ಕುಗ್ಗುವಿಕೆಗೆ: ಬಿಳಿ ರಕ್ತಕಣಗಳು ಇಳಿದರೆ ಸೋಂಕು, ಕೆಂಪು ಕಣಗಳು ಇಳಿದರೆ ರಕ್ತಹೀನತೆ, ಕಿರುಬಿಲ್ಲೆಗಳು ಇಳಿದರೆ ರಕ್ತಸ್ರಾವ. ಬಾಯಿಹುಣ್ಣು, ಅತಿಸಾರಗಳೂ ಹೀಗೆಯೇ ಶೀಘ್ರವಾಗಿ ವಿಭಜನೆ ಹೊಂದುವ ಕೋಶಗಳ ನಾಶದಿಂದ ಬರುವಂಥವು. ವಾಂತಿಯನ್ನು ಸೆರೊಟೋನಿನ್‌ನ ಕ್ರಿಯೆಯನ್ನು ತಡೆಯುವ ಒಂಡಾನ್ಸೆಟ್ರಾನ್ ಶಮನಗೊಳಿಸುವುದು.

ಇವಲ್ಲದೆ ಕೆಲವು ಔಷಧಗಳಿಗೆ ತಮ್ಮದೇ ಆದ ಗುರಿಯಂಗವೂ ಉಂಟು; ವೈದ್ಯಕೀಯ ಪರೀಕ್ಷಕರಿಗೆ ಪ್ರಿಯವಾದುದು ಔಷಧಕ್ಕೊಂದು ಅಂಗವನ್ನು ಹೊಂದಿಸುವ ಪ್ರಶ್ನೆ. ಡಾಕ್ಸೊರುಬಿಸಿನ್ ಹೃದಯವನ್ನೂ, ಬ್ಲಿಯೋಮೈಸಿನ್ ಶ್ವಾಸಕೋಶವನ್ನೂ, ಪ್ಲಾಟಿನಮ್‌ಯುಕ್ತ ಸಿಸ್‌ಪ್ಲಾಟಿನ್ ಮೂತ್ರಪಿಂಡ ಮತ್ತು ಶ್ರವಣಶಕ್ತಿಯನ್ನೂ, ಸೈಕ್ಲೊಫಾಸ್ಫಮೈಡ್ ಮೂತ್ರಕೋಶವನ್ನೂ ಬಾಧಿಸುವುವು. ಕಡೆಯದಕ್ಕೆ ಮೆಸ್ನಾ ರಕ್ಷಕ. ನಮ್ಮ ಹಿತ್ತಿಲುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಅರಳುವ, ಮಡಗಾಸ್ಕರ್ ಮೂಲದ ನಿತ್ಯಪುಷ್ಪದಿಂದ ದೊರೆಯುವ ವಿನ್‌ಕ್ರಿಸ್ಟೀನಿನದು ನರಗಳ ಮೇಲಣ ಪ್ರಹಾರ. ಅದರ ಸೋದರ ವಿನ್‌ಬ್ಲಾಸ್ಟೀನಿನದು ಮುಖ್ಯವಾಗಿ ಮಜ್ಜೆಯ ಮೇಲೆ.