ಸೆರೆಮನೆಯಿಂದ ಹಿಂದಿರುಗಿದ ಮಾಸಪತ್ರಿಕೆ

ಪ್ರಶ್ನೆ: ವಿಚಾರಣಾಧೀನ ಬಂದಿಯಾದ ಅಣ್ಣನಿಗೆ ನಾನು ಅಂಚೆಯಲ್ಲಿ ಕಳುಹಿಸಿದ ಕನ್ನಡ ರಾಜಕೀಯ ಮಾಸಪತ್ರಿಕೆಯನ್ನು ಸೆರೆಮನೆಯವರು ಕಾರಣ ತಿಳಿಸದೆ ಹಿಂದಿರುಗಿಸಿದ್ದಾರೆ. ಏನು ಮಾಡಲಿ?
– ಓದುಗರು, ತಳಿ (ಕೃಷ್ಣಗಿರಿ ಜಿಲ್ಲೆ, ತಮಿಳುನಾಡು)

ವಕೀಲರ ಉತ್ತರ: ಹಿಂದಿರುಗಿದ ಲಕೋಟೆಯನ್ನು ಅಂಚೆಮುದ್ರೆ, ಷರಾಗಳ ಸಹಿತ ಜೋಪಾನವಾಗಿರಿಸಿರಿ. ಆ ಸಂಚಿಕೆಯನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿರದ ಪಕ್ಷದಲ್ಲಿ, ಯಾವ ನಿಯಮದನ್ವಯ ತಡೆಯಲಾಯಿತೆಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಅಧೀಕ್ಷಕರಿಗೆ ಸ್ವೀಕೃತಿ ಸಹಿತ ಅಂಚೆಯಲ್ಲಿ ಬರೆದು, ತಮಿಳುನಾಡಿನ ಕಾರಾಗೃಹಗಳಲ್ಲಿ ಕನ್ನಡ ಬಲ್ಲ ಪರಿಶೀಲಕರು ದುರ್ಲಭರಾದುದರಿಂದ (ಅರ್ಥವಾಗದ ಲಿಪಿಯೇ ಎಷ್ಟೋ ವೇಳೆ ಅಪರಾಧವೆನಿಸಿಬಿಡುತ್ತದೆ!) ಪರಿವಿಡಿಯ ತಮಿಳು ಅನುವಾದವನ್ನೂ ಲಗತ್ತಿಸಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಅದಕ್ಕೆ 30 ದಿನಗಳ ಅವಧಿಯುಂಟು.

ಅಷ್ಟಕ್ಕೂ ಮಣಿಯದಿದ್ದರೆ ವಕೀಲರ ಮೂಲಕ ವಿಚಾರಣಾ ನ್ಯಾಯಾಲಯದಲ್ಲಿ ಮನವಿ, ತರುವಾಯ ಸಂವಿಧಾನದ 226ನೆಯ ವಿಧಿಯಡಿ ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ರಿಟ್. ಬಂಧನದಲ್ಲಿದ್ದ ಪ್ರಭಾಕರ ಸಂಜಗಿರಿಯವರು ತಮ್ಮ ವಿಜ್ಞಾನಗ್ರಂಥದ ಹಸ್ತಪ್ರತಿಯನ್ನು ಪ್ರಕಟಣೆಗೆ ಹೊರಗೆ ಕಳುಹಿಸುವುದನ್ನು ನಿಯಮದ ಆಧಾರವಿಲ್ಲದೆ ತಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1965ರಲ್ಲಿಯೇ ತೀರ್ಪಿತ್ತಿದೆ. ನಿಮ್ಮ ವಾದಕ್ಕೆ ಅದೇ ಬಲವಾದ ಊರೆಗೋಲು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಬಂದಿಗೆ ಉಚಿತ ವಕೀಲರು ದೊರೆಯುತ್ತಾರೆ. ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಈ ವಾರವೇ ಕಾಣಿರಿ. ಮುಂದಿನ ಸಂಚಿಕೆಯನ್ನು ಪ್ರಕಾಶಕರೇ ನೇರವಾಗಿ ಕಳುಹಿಸುವಂತೆ ಮಾಡಿರಿ. ಅದರೊಳಗೆ ಒಂದು ಚೀಟಿಯನ್ನೂ ಇರಿಸಬೇಡಿರಿ.