ಎಷ್ಟು ಕಾಲೇಜುಗಳಿಗೆ ಅರ್ಜಿ ಹಾಕಬೇಕು?

ಪ್ಲಸ್ ಟು ಮುಗಿಸುವ ವಿದ್ಯಾರ್ಥಿಗಳೂ ಅವರ ಹೆತ್ತವರೂ ಪ್ರತಿ ವರ್ಷ ನಮ್ಮನ್ನು ಕೇಳುವ ಪ್ರಶ್ನೆ ಇದು. ಕೆಲವರು ಒಂದೇ ಕಾಲೇಜನ್ನು ನಂಬಿ ಕುಳಿತಿರುತ್ತಾರೆ. ಇನ್ನು ಕೆಲವರು ಕಂಡಕಂಡಲ್ಲಿ ಅರ್ಜಿ ಹಾಕಿ, ಕೊನೆಗೆ ಎಲ್ಲಿ ಸೇರಬೇಕೆಂದು ತಿಳಿಯದೆ ತೊಳಲಾಡುತ್ತಾರೆ. ಎರಡರಲ್ಲಿಯೂ ಒಂದು ವರ್ಷ ಕಳೆದುಹೋಗುವ ಭಯವಿದೆ. ಆದುದರಿಂದ ಹೈಸ್ಕೂಲಿನಲ್ಲಿರುವಾಗಲೇ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಕಾಸರಗೋಡಿನ ನಮಗೆ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೊದಲನೆಯದು, 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾನಿಲಯ. ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಇದರ ವ್ಯಾಪ್ತಿಯವು. ಎರಡನೆಯದು, ಗಡಿಯಾಚೆಯ ಮಂಗಳೂರಿನ ಕಾಲೇಜುಗಳು. ಮೂರನೆಯದು, 2009ರಲ್ಲಿ ಆರಂಭವಾಗಿ ಈಗ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾನಿಲಯ ಮತ್ತು ಅದರಂಥ ಇತರ ಕೇಂದ್ರೀಯ ಸಂಸ್ಥೆಗಳು.

ಈ ಬಾಗಿಲುಗಳು ಒಂದೇ ದಿನ ತೆರೆಯುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಅದರ ಅರ್ಜಿಯ ಅವಧಿ ಪ್ಲಸ್ ಟು ಫಲಿತಾಂಶಕ್ಕಿಂತ ಮೊದಲೇ ಮುಗಿಯುತ್ತದೆ. ಕರ್ನಾಟಕದ ಸಿಇಟಿಯೂ ಹಾಗೆಯೇ. ಅದರಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಹತೆ ಕೋರುವವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. "ಫಲಿತಾಂಶ ಬರಲಿ, ನೋಡೋಣ" ಎಂದವರಿಗೆ ಈ ಬಾಗಿಲುಗಳು ಮುಚ್ಚಿರುತ್ತವೆ.

ಇನ್ನು ಎಷ್ಟು ಎಂಬ ಲೆಕ್ಕಕ್ಕೆ ಬರೋಣ. ಹೆಚ್ಚು ಅರ್ಜಿ ಹಾಕಿದರೆ ಹೆಚ್ಚು ಭದ್ರತೆ ಎಂದು ತೋರುವುದು ಸಹಜ. ಆದರೆ ತಗ್ಗಿನಲ್ಲಿ ಹತ್ತು ಅಡಿಕೆ ಸಸಿ ನೆಟ್ಟರೂ ಅವೆಲ್ಲ ಕೊಳೆಯಲು ಒಂದೇ ನೆರೆ ಸಾಕು. 95 ಶೇಕಡಾ ಅಂಕ ಕೇಳುವ ಹತ್ತು ಕಡೆ ಅರ್ಜಿ ಹಾಕಿ 85 ಬಂದರೆ, ಹತ್ತೂ ಹೋಗುತ್ತವೆ. ಆದುದರಿಂದ ಮುಖ್ಯವಾದುದು ಸಂಖ್ಯೆಯಲ್ಲ, ಮಟ್ಟ. ಕಳೆದ ವರ್ಷ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತೆಂದು ವಿಚಾರಿಸಿ, ಆಸೆಯ ಕಾಲೇಜು ಒಂದೆರಡು, ನಮ್ಮ ಅಂಕಕ್ಕೆ ಹೊಂದುವವು ಎರಡು ಮೂರು, ಖಂಡಿತ ಸಿಗುವಂಥದು ಒಂದು ಎಂದು ಆರಿಸಿಕೊಳ್ಳಬೇಕು. ಬೇರೆ ಬೇರೆ ಶುಲ್ಕ ಕಟ್ಟಬೇಕಾದಲ್ಲಿ ಐದಾರು ಅರ್ಜಿಗಳು ಸಾಕು.

ಕಣ್ಣೂರಿನ ಏಕಗವಾಕ್ಷಿ ಪದ್ಧತಿಯಲ್ಲಿ ಒಂದೇ ಅರ್ಜಿಯಲ್ಲಿ ಹಲವು ಕಾಲೇಜುಗಳನ್ನು ಬರೆಯಬಹುದು. ಅಲ್ಲಿ ಕ್ರಮವೇ ಮುಖ್ಯ. ಹಂಚಿಕೆ ಪಟ್ಟಿಯ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಮೇಲಿನದು ಸಿಕ್ಕಿದರೆ ಕೆಳಗಿನವು ತಾವಾಗಿಯೇ ರದ್ದಾಗುತ್ತವೆ. ಆದುದರಿಂದ ಸುಲಭವಾಗಿ ಸಿಗುವುದನ್ನಲ್ಲ, ನಿಜವಾಗಿ ಬೇಕಾದುದನ್ನು ಮೊದಲು ಬರೆಯಿರಿ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬೇಡಿ. ಸಿಕ್ಕಿದ ಸೀಟಿಗೆ ನಿಗದಿತ ದಿನದೊಳಗೆ ಶುಲ್ಕ ಕಟ್ಟದವರು ಮುಂದಿನ ಹಂಚಿಕೆಯಿಂದಲೇ ಹೊರಬೀಳುತ್ತಾರೆ.

ಹೆತ್ತವರಲ್ಲಿ ಒಂದು ಮಾತು. ಪಟ್ಟಿಗೆ ಹೆಸರು ಸೇರಿಸುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ದಿನಾಲೂ ಹೋಗಿಬರಲು ಬಸ್ಸೋ ರೈಲೋ ಇದೆಯೇ? ಹಾಸ್ಟೆಲಿನ ಖರ್ಚನ್ನು ಮೂರು ನಾಲ್ಕು ವರ್ಷ ಹೊರಬಲ್ಲೆವೇ? ಮಗುವಿಗೆ ಆ ವಿಷಯದಲ್ಲಿ ಆಸಕ್ತಿ ಇದೆಯೇ? ಮಗನನ್ನು ಮಂಗಳೂರಿಗೆ ಕಳುಹಿಸಲು ಒಪ್ಪುವ ಮನೆ, ಹೆಚ್ಚು ಅಂಕ ಪಡೆದ ಮಗಳಿಗೆ ಹತ್ತಿರದ ಕಾಲೇಜೊಂದೇ ಸಾಕೆನ್ನುವುದನ್ನು ನಾವು ಕಂಡಿದ್ದೇವೆ. ಅವಳ ಪಟ್ಟಿಯೂ ಅಷ್ಟೇ ಉದ್ದವಿರಲಿ.

ಕನ್ನಡ ಮಾಧ್ಯಮದಲ್ಲಿ ಕಲಿತವರೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಕನ್ನಡವನ್ನೇ ಮುಂದೆ ಓದಬಯಸುವವರಿಗೆ, 1957ರಲ್ಲಿ ಆರಂಭವಾದ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಬೇರೆ ವಿಷಯ ಆರಿಸುವವರು ಇಂಗ್ಲಿಷಿನ ಪಾಠಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಲಿ.

ಅರ್ಜಿ ಎಷ್ಟೇ ಇರಲಿ, ಓದುವುದು ಒಂದೇ ಕಾಲೇಜಿನಲ್ಲಿ. ಆದುದರಿಂದ ಯಾವುದು ಸಿಕ್ಕಿದರೂ ಸಂತೋಷದಿಂದ ಸೇರಬಹುದಾದ ಕಾಲೇಜುಗಳನ್ನಷ್ಟೇ ಪಟ್ಟಿ ಮಾಡಿ. ಸಂಖ್ಯೆ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಶುಭವಾಗಲಿ.