ಗುಲಾಬಿಯ ಕೊಂಬೆಗಳು ಬಲಗುಂದಿ ಮುರಿಯುವುದಕ್ಕೆ ಕಾರಣಗಳು

ಗುಲಾಬಿಯ ಕೊಂಬೆಯು ಬಗ್ಗಿದರೂ, ಒಣಗಿದರೂ, ಮುರಿದರೂ ಗೊಬ್ಬರದ ಕೊರತೆಯೇ ಕಾರಣವೆಂದೆಣಿಸಿ ಬುಡಕ್ಕೆ ಮತ್ತಷ್ಟು ಗೊಬ್ಬರವನ್ನು ಹಾಕುವುದುಂಟು. ಕಾರಣವು ಬೇರೆಯಾಗಿದ್ದಲ್ಲಿ ಇದರಿಂದ ಗಿಡವೇ ನಷ್ಟವಾಗಬಹುದು. ಆದಕಾರಣ ಕೊಂಬೆಯು ಯಾವ ಭಾಗದಲ್ಲಿ ಕೆಟ್ಟಿದೆಯೆಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.

೧. ತುದಿಯಿಂದ ಒಣಗುವುದು: ಸವರಿದ ಕಡೆಯಿಂದ ಕೊಂಬೆಯು ಕಪ್ಪಾಗುತ್ತ ಕೆಳಕ್ಕಿಳಿದರೆ ಅದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಕೊಂಬೆಯನ್ನು ಕೊಯ್ದು ನೋಡಿದರೆ ತಿರುಳು ಕಂದುಬಣ್ಣವಾಗಿರುವುದು. ಬಿಳಿಯ ತಿರುಳು ಕಾಣುವವರೆಗೂ ಕತ್ತರಿಸಿ, ಕತ್ತರಿಸಿದ ತುಂಡುಗಳನ್ನು ಸುಟ್ಟುಬಿಡಬೇಕು. ಗಾಯಕ್ಕೆ ಬೋರ್ಡೋ ಮುಲಾಮನ್ನು ಬಳಿಯಬೇಕು. ೧೦೦ ಗ್ರಾಂ ಮೈಲುತುತ್ತವನ್ನೂ ೧೦೦ ಗ್ರಾಂ ಸುಟ್ಟಸುಣ್ಣವನ್ನೂ ಬೇರೆ ಬೇರೆಯಾಗಿ ಅರ್ಧರ್ಧ ಲೀಟರು ನೀರಿನಲ್ಲಿ ಕಲಸಿ, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೂಡಿಸಿದರೆ ಈ ಮುಲಾಮು ಸಿದ್ಧವಾಗುವುದು. ಕಬ್ಬಿಣದ ಪಾತ್ರೆಯು ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ಅಲಗು ತಾಮ್ರದ ಬಣ್ಣವಾದರೆ ಇನ್ನೂ ಸ್ವಲ್ಪ ಸುಣ್ಣವನ್ನು ಸೇರಿಸತಕ್ಕದ್ದು.

೨. ಉದ್ದವಾಗಿ ಬೆಳೆದು ಬಗ್ಗುವುದು: ತಿರುಳು ಬಿಳಿದಾಗಿಯೇ ಇದ್ದು ಕೊಂಬೆಯು ಸಣಕಲಾಗಿ, ಗೆಣ್ಣಿನ ಅಂತರವು ಹೆಚ್ಚಾಗಿದ್ದರೆ ನೆರಳೇ ಮುಖ್ಯ ಕಾರಣ. ಗುಲಾಬಿಗೆ ದಿನಕ್ಕೆ ೬ ಘಂಟೆಗಳಷ್ಟಾದರೂ ಬಿಸಿಲು ಬೇಕು. ಸಾರಜನಕದ ಗೊಬ್ಬರವು ಮಿತಿಮೀರಿದರೂ ಚಿಗುರು ಮೆದುವಾಗಿ ಬಾಗುವುದು. ಕೆಲವು ಜಾತಿಗಳಲ್ಲಿ ಹೂವಿನ ತೊಟ್ಟು ಬಗ್ಗುವುದು ಹುಟ್ಟುಗುಣವೇ ಹೊರತು ರೋಗವಲ್ಲ.

೩. ಬುಡದಲ್ಲಿ ಮುರಿಯುವುದು: ಕಸಿಗಂಟಿನಿಂದ ಹೊರಟ ಎಳೆಯ ಚಿಗುರು ಗಾಳಿಗೆ ಸುಲಭವಾಗಿ ಕಳಚಿಬೀಳುವುದು. ಗೂಟವನ್ನು ನೆಟ್ಟು ಸಡಿಲವಾಗಿ ಕಟ್ಟಬೇಕು. ಗಂಟಿನ ಕೆಳಗಿನಿಂದ ಬರುವ ಕಾಡುಚಿಗುರು ಮೇಲಿನ ಕಸಿಯ ಬಲವನ್ನು ಹೀರುವುದರಿಂದ ಅದನ್ನು ಹುಟ್ಟಿದೆಡೆಯಲ್ಲಿಯೇ ಕಿತ್ತುಹಾಕಬೇಕು. ಬುಡದ ತೊಗಟೆಯ ಮೇಲೆ ಮಣ್ಣಿನ ಹೊದಿಕೆ ಕಂಡರೆ ಗೆದ್ದಲಿನ ಬಾಧೆಯೆಂದು ತಿಳಿಯತಕ್ಕದ್ದು.

೪. ಕೊಂಬೆಯ ಮೇಲೆ ಹುರುಪೆ: ಕೆಂಪುಮಿಶ್ರಿತ ಕಂದುಬಣ್ಣದ ಹುರುಪೆಗಳು ಅಂಟಿಕೊಂಡಿದ್ದರೆ ಅವು ರಸವನ್ನು ಹೀರುವ ಶಲ್ಕಕೀಟಗಳು. ಹೆಚ್ಚಾಗಿ ಮುತ್ತಿದ ಕೊಂಬೆಗಳನ್ನು ಕತ್ತರಿಸಿ ಸುಡಬೇಕು.

ಕತ್ತರಿಯು ಹರಿತವಾಗಿರಬೇಕು, ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವಾಗ ಅದನ್ನು ಶುಚಿಮಾಡಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಈ ಪರೀಕ್ಷೆಯನ್ನು ಮೊದಲು ತಮ್ಮ ತೋಟಗಳಲ್ಲಿ ಮಾಡಿ ನೆರೆಯವರಿಗೂ ತೋರಿಸಿದಲ್ಲಿ, ಒಂದು ಗಿಡದ ರೋಗವು ಇಡೀ ಸಾಲನ್ನು ವ್ಯಾಪಿಸುವುದಕ್ಕೆ ಮುಂಚೆಯೇ ತಡೆಯಬಹುದು.